ನೀರು ಯಾವಾಗ ಬರ್ತದೆ?

"ನಾಲ್ಕು ಸಲ ಗಮ್ ಬಳಿದಾಯ್ತು ಮಾರಾಯ್ರೇ. ಇದು ಐದನೇ ಟ್ಯೂಬು" ಎನ್ನುತ್ತ ಬೋಟಿನ ಯಜಮಾನರು ಕೈಯಲ್ಲಿದ್ದ ಚೀಲ ಎತ್ತಿ ತೋರಿಸಿದರು. ಇಪ್ಪತ್ತೆಂಟು ಅಡಿಯ ಫೈಬರ್ ಬೋಟು, ಹೊಟ್ಟೆಯೊಳಗೆ ಮೂರು ಸಿಲಿಂಡರಿನ ಡೀಸೆಲ್ ಎಂಜಿನ್. ಹಿಂಗೋಡೆಯಲ್ಲಿ ಹೊಗೆ ಹೊರಹೋಗುವ ಕಂಚಿನ ಫಿಟ್ಟಿಂಗ್ ಇದೆಯಲ್ಲ, ಅದರ ಸುತ್ತ ಬಿಳಿ, ಕಪ್ಪು, ಮತ್ತೆ ಬಿಳಿ ಎಂದು ಸೀಲೆಂಟಿನ ಪದರಗಳು ಹಳೇ ಮನೆಯ ಗೋಡೆಗೆ ವರ್ಷವರ್ಷ ಸುಣ್ಣ ಬಳಿದಂತೆ ಕೂತಿದ್ದವು. ಅದರ ಅಡಿಯಲ್ಲೇ, ಬೋಟಿನ ತಳದಲ್ಲಿ, ಮೂರು ಬೆರಳು ನೀರು.

"ನೀರು ಯಾವಾಗ ಬರ್ತದೆ?" ಕೇಳಿದೆ.

"ಯಾವಾಗ ಅಂದ್ರೆ? ಬರ್ತದೆ ಅಷ್ಟೆ."

ಈ ಉತ್ತರವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನೀರು ಎಲ್ಲಿ ಕಾಣುತ್ತದೋ ಅಲ್ಲೇ ತೂತು ಇದೆ ಎಂದು ನಂಬುವುದು ಮನುಷ್ಯಸಹಜ. ಹಂಚಿನ ಮನೆಯಲ್ಲಿ ಬೆಳೆದವರಾದರೂ ಹಾಗೆ ನಂಬಬಾರದು. ಮಳೆಗಾಲದಲ್ಲಿ ಅಡುಗೆಮನೆಯ ಮೂಲೆಯಲ್ಲಿ ತೊಟ್ಟಿಕ್ಕುವ ನೀರಿಗೆ ಕಾರಣವಾದ ಒಡಕು ಹಂಚು ಆರಡಿ ಆಚೆ ಇರುತ್ತದೆ. ನೀರು ರೀಪಿನ ಗುಂಟ ಹರಿದು ಬಂದು ತನಗೆ ಬೇಕಾದಲ್ಲಿ ಬೀಳುತ್ತದೆ. ಬೋಟಿನ ಹೊಗೆಕೊಳವೆಯೂ ಹಾಗೆಯೇ. ಅದು ಹೇಗೆ ಎಂದು ತಿಳಿಯಲು ಮೊದಲು ಆ ಕೊಳವೆಯಲ್ಲಿ ನೀರು ಯಾಕಿದೆ ಎಂಬುದನ್ನು ನೋಡಬೇಕು.

ಮಲ್ಪೆ, ಮಂಗಳೂರು ದಕ್ಕೆಗಳ ದೊಡ್ಡ ಟ್ರಾಲ್ ಬೋಟುಗಳನ್ನು ನೋಡಿದವರಿಗೆ ಈ ಪ್ರಶ್ನೆ ವಿಚಿತ್ರ ಅನ್ನಿಸಬಹುದು. ಅವುಗಳ ಹೊಗೆಕೊಳವೆ ಸಾಮಾನ್ಯವಾಗಿ ಕ್ಯಾಬಿನ್ನಿನ ಬಳಿ ನೆಟ್ಟಗೆ ಆಕಾಶಕ್ಕೆ ಎದ್ದಿರುತ್ತದೆ. ಒಣ ಹೊಗೆ, ಬಿಸಿ ಕಬ್ಬಿಣ, ಸುತ್ತ ಶಾಖ ತಡೆಯುವ ಹಗ್ಗ ಅಥವಾ ಪಟ್ಟಿಯ ಸುತ್ತು. ಅಲ್ಲಿ ನೀರಿನ ಕಾಟವೆಂದರೆ ಮೇಲಿಂದ ಬೀಳುವ ಮಳೆಯದು ಮಾತ್ರ. ನಾಡದೋಣಿಯ ಔಟ್‌ಬೋರ್ಡ್ ಎಂಜಿನ್ನಿನ ಹೊಗೆ ಎಂಜಿನ್ನಿನ ಕಾಲಿನೊಳಗಿಂದಲೇ ನೀರಿಗೆ ಇಳಿದುಹೋಗುತ್ತದೆ. ದೋಣಿಯ ಗೋಡೆಗೆ ತೂತೇ ಬೇಡ. ತೊಂದರೆ ಇರುವುದು ಇವೆರಡರ ನಡುವಿನ ಜಾತಿಗೆ: ಎಂಜಿನ್ ಒಳಗಿದ್ದು ಹೊಗೆ ಹಿಂಬದಿಯಿಂದ ಹೋಗುವ ಹಾಯಿಬೋಟು, ಗಸ್ತು ಬೋಟು, ಗಾಳ ಹಾಕಲು ಹೋಗುವವರ ಬೋಟು, ಪ್ರವಾಸಿಗರನ್ನು ಸುತ್ತಾಡಿಸುವ ಬೋಟು.

ಡೀಸೆಲ್ ಎಂಜಿನ್ನಿನಿಂದ ಹೊರಬೀಳುವ ಹೊಗೆ ಭಾರ ಎಳೆಯುವಾಗ 400–500 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅಷ್ಟು ಬಿಸಿಯ ಕೊಳವೆಯನ್ನು ಫೈಬರ್ ಬೋಟಿನ ಉದ್ದಕ್ಕೂ, ಮಲಗುವ ಹಲಗೆಯ ಅಡಿಯಲ್ಲಿ ಎಳೆದುಕೊಂಡು ಹೋಗುವಂತಿಲ್ಲ. ಅದಕ್ಕೆ ಕಂಡುಕೊಂಡ ಉಪಾಯವೇ ಹೊಗೆಗೆ ನೀರು ಬೆರೆಸುವುದು. ಬೋಟಿನ ತಳದ ವಾಲ್ವಿನಿಂದ ಸಮುದ್ರದ ನೀರನ್ನು ಪಂಪು ಎಳೆಯುತ್ತದೆ. ಅದು ಎಂಜಿನ್ನಿನ ಬಿಸಿಯನ್ನು ಹೊತ್ತುಕೊಂಡು, ಕೊನೆಗೆ ಒಂದು ಬಾಗಿದ ಎರಕದ ತುಂಡಿನಲ್ಲಿ ಹೊಗೆಯೊಳಕ್ಕೆ ಚಿಮ್ಮುತ್ತದೆ. ಆ ತುಂಡಿಗೆ ಎಲ್ಬೋ ಎನ್ನುತ್ತಾರೆ. ನೀರು ಬಿದ್ದ ಕ್ಷಣವೇ ಹೊಗೆ ತಣಿದು ಕೈಗೆ ತಾಳುವಷ್ಟಾಗುತ್ತದೆ. ಅಲ್ಲಿಂದ ಮುಂದೆ ಕಬ್ಬಿಣ ಬೇಕಿಲ್ಲ, ರಬ್ಬರ್ ಹೋಸು ಸಾಕು. ಹೋಸು ಒಂದು ಡಬ್ಬಿಗೆ ಇಳಿಯುತ್ತದೆ. ವಾಟರ್‌ಲಾಕ್ ಎಂಬ ಈ ಡಬ್ಬಿ ಸದ್ದನ್ನೂ ತಗ್ಗಿಸುತ್ತದೆ, ಎಂಜಿನ್ ನಿಂತಾಗ ಕೊಳವೆಯಲ್ಲಿ ಉಳಿದ ನೀರು ಎಂಜಿನ್ನಿನೊಳಗೆ ಹಿಂದಿರುಗದಂತೆ ತನ್ನ ಹೊಟ್ಟೆಯಲ್ಲಿ ಹಿಡಿದೂ ಇಡುತ್ತದೆ. ಡಬ್ಬಿಯಿಂದ ಹೋಸು ಮೇಲೇರಿ, ಬಾತುಕೋಳಿಯ ಕೊರಳಿನಂತೆ ಬಾಗಿ, ಹಿಂಗೋಡೆಯ ಕಡೆ ಇಳಿಜಾರಾಗಿ ಹೋಗಿ ಫಿಟ್ಟಿಂಗಿನ ಮೂಲಕ ಹೊರಬೀಳುತ್ತದೆ. ಎಂಜಿನ್ ಓಡುವಾಗ ಹಿಂದೆ ಗುಳುಗುಳು ಎಂದು ನೀರು ಉಗುಳುವುದು ಇದೇ.

ಈಗ ಆ ಕೊನೆಯ ಇಳಿಜಾರನ್ನು ಗಮನಿಸಿ. ಅದು ಇರಲೇಬೇಕು, ಒಂದಡಿ ಉದ್ದಕ್ಕೆ ಕನಿಷ್ಠ ಅರ್ಧ ಇಂಚು ಇಳಿಸು ಎಂಬುದು ಈ ಕಸುಬಿನ ನಿಯಮ. ನೀರು ನಿಲ್ಲಬಾರದು, ಹಿಂದಿರುಗಬಾರದು ಎಂದು ಮಾಡಿದ್ದು. ಆದರೆ ಅದೇ ಇಳಿಜಾರು ನಮ್ಮ ಕಣ್ಣಿಗೆ ಮಣ್ಣೆರಚುತ್ತದೆ. ಕೊರಳಿನ ಹತ್ತಿರ ಎಲ್ಲೋ ಹನಿಯುವ ನೀರು ಹೋಸಿನ ಹೊರಮೈಯ ಅಡಿಭಾಗವನ್ನು ಹಿಡಿದು, ಇರುವೆ ಸಾಲಿನಂತೆ ಸದ್ದಿಲ್ಲದೆ ಹಿಂದಕ್ಕೆ ಹರಿದು, ಸರಿಯಾಗಿ ಫಿಟ್ಟಿಂಗಿನ ಬುಡದಲ್ಲಿ ಕೆಳಗೆ ಬೀಳುತ್ತದೆ. ಹಾಗಾಗಿ ತಪ್ಪು ಯಾರದೇ ಇರಲಿ, ಬೈಗುಳ ಮಾತ್ರ ಫಿಟ್ಟಿಂಗಿಗೆ.

ಆದ್ದರಿಂದಲೇ ನಾನು 'ಯಾವಾಗ' ಎಂದು ಕೇಳುವುದು. ಜಾಗ ಸುಳ್ಳು ಹೇಳುತ್ತದೆ, ಸಮಯ ಅಷ್ಟು ಸುಲಭವಾಗಿ ಹೇಳುವುದಿಲ್ಲ.

ಎಂಜಿನ್ ಓಡುವಾಗ ಮಾತ್ರ ಬರುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ ಅಂದರೆ ಆ ನೀರು ಪಂಪು ತಳ್ಳಿದ ನೀರು. ಎಲ್ಬೋ, ಹೋಸು, ಕ್ಲಿಪ್ಪು, ಡಬ್ಬಿ ಇವುಗಳಲ್ಲಿ ಒಂದು ಸೋರುತ್ತಿದೆ. ಫಿಟ್ಟಿಂಗಿನ ಒಳಬದಿಯ ಕೊಳವೆ ಬಿರುಕು ಬಿಟ್ಟಿದ್ದರೂ ಹೀಗೇ ಆಗಬಹುದು. ಬೋಟು ಸುಮ್ಮನೆ ಕಟ್ಟಿದ್ದಾಗಲೂ ರಾತ್ರಿ ಕಳೆದು ಬೆಳಗಾಗುವಾಗ ತಳದಲ್ಲಿ ನೀರಿದ್ದರೆ, ಅದು ಹೊರಗಿನಿಂದ ಬಂದದ್ದು: ಫಿಟ್ಟಿಂಗಿಗೂ ಗೋಡೆಗೂ ನಡುವಿನ ಸಂದು, ಇಲ್ಲವೆ ಪ್ರೊಪೆಲ್ಲರ್ ದಂಡದ ಗ್ಲ್ಯಾಂಡು, ಚುಕ್ಕಾಣಿಯ ಗ್ಲ್ಯಾಂಡು. ಗ್ಲ್ಯಾಂಡಿನಿಂದ ಬಿದ್ದ ನೀರಿಗೆ ಹೊಗೆಕೊಳವೆಯನ್ನು ದೂರಿದ ಪ್ರಕರಣಗಳು ಬೇಕಾದಷ್ಟಿವೆ. ಮೂರನೆಯದು, ವೇಗ ಹೆಚ್ಚಿಸಿದಾಗ ಅಥವಾ ಭಾರ ಹೇರಿದಾಗ ಮಾತ್ರ ಬರುವ ನೀರು. ವೇಗದಲ್ಲಿ ಬೋಟಿನ ಹಿಂಬದಿ ತಗ್ಗುತ್ತದೆ. ಡೀಸೆಲ್, ಐಸು, ಎಂಟು ಜನ ಹತ್ತಿದರೂ ತಗ್ಗುತ್ತದೆ. ದಕ್ಕೆಯಲ್ಲಿ ಕಟ್ಟಿದಾಗ ನೀರಿನಿಂದ ನಾಲ್ಕು ಬೆರಳು ಮೇಲಿದ್ದ ಫಿಟ್ಟಿಂಗ್ ಆಗ ನೀರಿನಡಿಗೆ ಹೋಗಿರುತ್ತದೆ. ಯಜಮಾನರು ಖಾಲಿ ಬೋಟನ್ನು ನೋಡಿ "ಇದು ನೀರಿನ ಮೇಲೇ ಇದೆಯಲ್ಲ" ಎನ್ನುವುದು ಅರ್ಧ ಸತ್ಯ.

ಇನ್ನೊಂದಿದೆ, ಅಪರೂಪ ಆದರೆ ಅತಿ ಕೆಟ್ಟದ್ದು: ತಳದಲ್ಲಿ ಒಂದು ಹನಿಯೂ ಇಲ್ಲ, ನೀರು ಎಂಜಿನ್ನಿನೊಳಗೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಪತ್ತೆ ಹಚ್ಚಲು ಬೇಕಾದ ಸಾಮಾನು ಮನೆಯಲ್ಲೇ ಸಿಗುತ್ತದೆ. ತಳದ ನೀರನ್ನೆಲ್ಲ ಪಂಪು ಮಾಡಿ, ಸ್ಪಂಜಿನಿಂದ ಒರೆಸಿ, ಒಂದು ಗಂಟೆ ಮುಚ್ಚಳ ತೆರೆದಿಟ್ಟು ಒಣಗಿಸಿ. ಹೊಗೆಕೊಳವೆಯ ಉದ್ದಕ್ಕೂ ಕೆಳಗೆ ಹಳೇ ಪೇಪರು ಹಾಸಿ. ಪ್ರತಿ ಜೋಡಣೆಯ ಮೇಲೆ ಮಕ್ಕಳ ಪೌಡರು ಉದುರಿಸಿ. ನೀರು ಎಲ್ಲಿಂದ ಹೊರಟಿತೋ ಅಲ್ಲಿಂದ ಪೌಡರಿನಲ್ಲಿ ಗೆರೆ ಮೂಡುತ್ತದೆ, ಬಿದ್ದ ಜಾಗದಿಂದ ಅಲ್ಲ. ಮೊದಲು ಎಂಜಿನ್ ಹಾಕದೆ ಅರ್ಧ ಗಂಟೆ ಕಾಯಿರಿ. ಪೇಪರು ಒಣಗಿದ್ದರೆ ಎಂಜಿನ್ ಹಾಕಿ. ಆಮೇಲೆ ಬೋಟನ್ನು ದಕ್ಕೆಗೆ ಗಟ್ಟಿಯಾಗಿ ಕಟ್ಟಿ, ಗೇರಿಗೆ ಹಾಕಿ, ಸ್ವಲ್ಪ ಜೋರಾಗಿ ಓಡಿಸಿ. ಸುಮ್ಮನೆ ಕುಟುಕುಟು ಎನ್ನುವ ಎಂಜಿನ್ ಸತ್ಯ ಹೇಳುವುದಿಲ್ಲ, ಭಾರ ಬಿದ್ದಾಗಲೇ ಕೊಳವೆಯೊಳಗೆ ಒತ್ತಡ ಏರುವುದು. ಫಿಟ್ಟಿಂಗಿನ ಸಂದು ಹೌದೋ ಅಲ್ಲವೋ ಎಂಬ ಅನುಮಾನ ಉಳಿದರೆ ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ ನೀರಿಗೆ ಬೆರೆಸಿ ಹೊರಗಿನಿಂದ ಫಿಟ್ಟಿಂಗಿನ ಅಂಚಿಗೆ ಸುರಿಯಿರಿ. ಒಳಗೆ ನೀಲಿ ಕಂಡರೆ ತೀರ್ಪು ಆಯಿತು. ನೀರಿನ ರುಚಿ ನೋಡಿ ಉಪ್ಪೋ ಸಿಹಿಯೋ ಎಂದು ಹೇಳುವ ಹಳಬರಿದ್ದಾರೆ. ದಯವಿಟ್ಟು ಬೇಡ. ಎಂಜಿನ್ನಿನ ಕೂಲೆಂಟ್ ಸೋರಿದ್ದರೆ ಅದೂ ಸಿಹಿಯೇ, ಆದರೆ ವಿಷ.

ಹಳೆಯ ಸೋರಿಕೆಯಾದರೆ ಇಷ್ಟೂ ಬೇಕಿಲ್ಲ, ಕಲೆಯೇ ಮಾತಾಡುತ್ತದೆ. ಒಣಗಿದ ಉಪ್ಪಿನ ಬಿಳಿ ಹರಳು ಇದ್ದರೆ ಸಮುದ್ರದ ನೀರು. ತುಕ್ಕಿನ ಕೆಂಪು ಕಣ್ಣೀರು ಎಲ್ಬೋದಿಂದ ಇಳಿದಿದ್ದರೆ ಎರಕ ತಿಂದುಹೋಗುತ್ತಿದೆ. ಕಪ್ಪು ಮಸಿಯ ಕಲೆ ಕಂಡರೆ ಮಾತ್ರ ಎದ್ದು ನಿಲ್ಲಬೇಕು. ಅಲ್ಲಿ ನೀರಿನ ಜೊತೆ ಹೊಗೆಯೂ ಒಳಬರುತ್ತಿದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಪೆಟ್ರೋಲಿಗಿಂತ ಡೀಸೆಲ್ಲಿನಲ್ಲಿ ಅದರ ಪ್ರಮಾಣ ಕಡಿಮೆ ನಿಜ, ಇಲ್ಲವೆಂದಲ್ಲ. ಕ್ಯಾಬಿನ್ನಿನಲ್ಲಿ ಮಲಗಿದವರಿಗೆ ತಲೆನೋವು, ವಾಕರಿಕೆ ಬಂದರೆ ಕಡಲಬೇನೆ ಎಂದು ತಳ್ಳಿಹಾಕುವುದು ಸುಲಭ. ಮಸಿ ಕಂಡ ಬೋಟಿನಲ್ಲಿ ಹಾಗೆ ತಳ್ಳಿಹಾಕಬೇಡಿ.

ನಮ್ಮ ಯಜಮಾನರ ಬೋಟಿಗೆ ಬರೋಣ. ಕಟ್ಟಿದ್ದಾಗ ಪೇಪರು ಒಣ. ಕುಟುಕುಟು ಓಡಿಸಿದಾಗಲೂ ಒಣ. ಗೇರಿಗೆ ಹಾಕಿ ಜೋರು ಮಾಡಿದ ಐದೇ ನಿಮಿಷಕ್ಕೆ ಫಿಟ್ಟಿಂಗಿನ ಬುಡದ ಪೇಪರು ಒದ್ದೆ. ಯಜಮಾನರು ಗೆದ್ದವರಂತೆ ನನ್ನನ್ನು ನೋಡಿದರು. ಹೋಸಿನ ಅಡಿಗೆ ಕೈ ಹಾಕಿದೆ, ಉದ್ದಕ್ಕೂ ಒದ್ದೆ. ಹಿಂದಿನಿಂದ ಮುಂದಕ್ಕೆ ಬೆರಳು ಸವರುತ್ತ ಹೋದರೆ ಕೊರಳಿನ ಜೋಡಣೆಯಲ್ಲಿ ನಿಂತಿತು, ಫಿಟ್ಟಿಂಗಿನಿಂದ ಸುಮಾರು ನಾಲ್ಕಡಿ ಮುಂದೆ. ಅಲ್ಲಿ ಕ್ಲಿಪ್ಪು ಮೇಲಿನಿಂದ ಫಳಫಳ ಹೊಳೆಯುತ್ತಿತ್ತು. ಕೆಳಗೆ ಕನ್ನಡಿ ಹಿಡಿದು ನೋಡಿದರೆ ಪಟ್ಟಿ ತುಂಡಾಗಿ ಬಾಯ್ದೆರೆದಿತ್ತು.

ಹೋಸ್ ಕ್ಲಿಪ್ಪು ಅಗ್ಗದ ವಸ್ತು, ಹಾಗಾಗಿ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಅಂಗಡಿಯಲ್ಲಿ ಸ್ಟೀಲ್ ಎಂದು ಕೊಡುವ ಎಷ್ಟೋ ಕ್ಲಿಪ್ಪುಗಳಲ್ಲಿ ಪಟ್ಟಿ ಮಾತ್ರ ಸ್ಟೇನ್‌ಲೆಸ್, ತಿರುಪು ಮಾಮೂಲಿ ಕಬ್ಬಿಣಕ್ಕೆ ಹೊಳಪು ಕೊಟ್ಟದ್ದು. ಕಿಸೆಯಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. 316 ದರ್ಜೆಯ ಸ್ಟೇನ್‌ಲೆಸ್‌ಗೆ ಅದು ಹೆಚ್ಚುಕಡಿಮೆ ಅಂಟುವುದೇ ಇಲ್ಲ, ತಿರುಪಿಗೆ ಗಟ್ಟಿಯಾಗಿ ಅಂಟಿದರೆ ಆ ಕ್ಲಿಪ್ಪನ್ನು ತೋಟದ ಪೈಪಿಗೆ ಇಡಿ. ಒಳ್ಳೆಯ ಕ್ಲಿಪ್ಪೂ ಸಾಯುವುದು ಕೆಳಗಡೆಯೇ, ಉಪ್ಪುನೀರು ನಿಲ್ಲುವ ಜಾಗದಲ್ಲಿ. ಹೊಗೆಕೊಳವೆಯ ಪ್ರತಿ ತುದಿಗೂ ಎರಡೆರಡು ಕ್ಲಿಪ್ಪು ಬೇಕು, ತಿರುಪುಗಳು ಎದುರುಬದುರು ದಿಕ್ಕಿಗೆ ಇರಬೇಕು; ಆಗ ಒತ್ತಡ ಸುತ್ತಲೂ ಸಮನಾಗಿ ಬೀಳುತ್ತದೆ. ಎರಡೂ ಕ್ಲಿಪ್ಪುಗಳು ಒಳಗಿನ ಕೊಳವೆಯ ಮೇಲೇ ಕೂರಬೇಕು. ಕೊಳವೆ ಮುಗಿದ ಅಂಚಿನ ಮೇಲೆ ಬಿಗಿದರೆ ಅದು ರಬ್ಬರನ್ನು ಕತ್ತರಿಸುತ್ತದೆ. ಮೂರು ಇಂಚಿಗಿಂತ ದಪ್ಪದ ಹೋಸಿಗೆ ಬೋಲ್ಟು ಇರುವ ಅಗಲ ಕ್ಲಾಂಪೇ ಒಳ್ಳೆಯದು.

ಹೋಸಿನ ವಿಚಾರದಲ್ಲಿ ಉಳಿತಾಯ ಮಾಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಹೊಲದ ಪಂಪಿನ ಹೀರುಪೈಪು ನೋಡಲು ಹಾಗೆಯೇ ಇರುತ್ತದೆ, ಬೆಲೆ ಕಾಲುಭಾಗ. ಆದರೆ ಹೊಗೆಕೊಳವೆಗೆ ಬರುವ ಹೋಸಿನ ಮೇಲೆ ಎಸ್‌ಎಇ ಜೆ2006 ಎಂದು ಅಚ್ಚಾಗಿರುತ್ತದೆ. ತಂಪುನೀರು ಪೂರ್ತಿ ನಿಂತುಹೋದರೂ, ಎಂಜಿನ್ ಪೂರ್ಣ ಭಾರದಲ್ಲಿದ್ದರೂ, ಎರಡು ನಿಮಿಷ ತಡೆದುಕೊಳ್ಳಬೇಕು ಎಂಬುದು ಆ ಗುಣಮಟ್ಟದ ಒಂದು ಪರೀಕ್ಷೆ. ಪಂಪಿನ ರಬ್ಬರ್ ಚಕ್ರ ಹರಿದಾಗ, ತಳದ ವಾಲ್ವಿಗೆ ಪ್ಲಾಸ್ಟಿಕ್ ಚೀಲ ಅಂಟಿಕೊಂಡಾಗ ನಿಮಗೆ ಸಿಗುವ ಸಮಯ ಅಷ್ಟೇ. ಎರಡನೆಯದು ನಮ್ಮ ಅಳಿವೆಗಳಲ್ಲಿ ಅಪರೂಪವೇನಲ್ಲ. ಹಾಗೆ ಒಮ್ಮೆ ಕಾದುಹೋದ ಹೋಸು ಹೊರಗಿನಿಂದ ಚೆನ್ನಾಗಿಯೇ ಕಾಣಬಹುದು, ಒಳಪದರ ಮಾತ್ರ ಸುಲಿದು ನೇತಾಡುತ್ತ ಹೊಗೆಯ ದಾರಿಗೆ ಅಡ್ಡ ನಿಂತಿರುತ್ತದೆ. ಆದ್ದರಿಂದ ಬಿಚ್ಚಿದ ಹೋಸಿನೊಳಗೆ ಟಾರ್ಚು ಬಿಟ್ಟು ನೋಡದೆ ಮತ್ತೆ ತೊಡಿಸಬೇಡಿ. ಹಳೇ ಹೋಸು ಬರದಿದ್ದರೆ ಎಳೆದಾಡಿ ಫಿಟ್ಟಿಂಗನ್ನೇ ಅಲ್ಲಾಡಿಸುವುದಕ್ಕಿಂತ ಉದ್ದಕ್ಕೆ ಸೀಳಿ ತೆಗೆಯುವುದೇ ಲೇಸು. ಹೊಸದನ್ನು ತೊಡಿಸುವಾಗ ಜಾರಲು ಪಾತ್ರೆ ತೊಳೆಯುವ ಸೋಪು ಸಾಕು. ಗ್ರೀಸು, ಎಣ್ಣೆ ರಬ್ಬರಿಗೆ ಆಗುವುದಿಲ್ಲ, ಮೇಲಾಗಿ ಹೋಸು ಆಮೇಲೂ ಜಾರುತ್ತಲೇ ಇರುತ್ತದೆ.

ಯಜಮಾನರ ಬೋಟಿನ ಕಾಯಿಲೆ ಎರಡು ಕ್ಲಿಪ್ಪಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ನಾಲ್ಕು ಪದರ ಗಮ್ ಬಳಿಯುವ ಭರದಲ್ಲಿ ಯಾರೋ ಫಿಟ್ಟಿಂಗಿನ ತಿರುಪುಗಳನ್ನು ಬಿಚ್ಚಿ, ಹಾಗೇ ಮತ್ತೆ ಬಿಗಿದಿದ್ದರು. ಹಿಂಗೋಡೆ ಹೊರಗೆ ಫೈಬರು, ಒಳಗೆ ಫೈಬರು, ನಡುವೆ ಪ್ಲೈವುಡ್ಡು. ಹೊರಗಿನ ಗಮ್ ನೀರನ್ನು ತಡೆಯುವ ಬದಲು, ತಿರುಪಿನ ತೂತಿನಿಂದ ಒಳಹೊಕ್ಕ ನೀರನ್ನು ಪ್ಲೈವುಡ್ಡಿನಲ್ಲೇ ಕೂಡಿಹಾಕಿತ್ತು. ತಿರುಪುಳಿಯ ಹಿಡಿಯಿಂದ ಗೋಡೆಯನ್ನು ಕುಟ್ಟುತ್ತ ಹೋದರೆ ಎಲ್ಲ ಕಡೆ ಟಕ್ ಟಕ್, ಫಿಟ್ಟಿಂಗಿನ ಕೆಳಗೆ ಒಂದು ಅಂಗೈಯಗಲ ಮಾತ್ರ ಡಬ್ ಡಬ್. ತೆಂಗಿನಕಾಯಿ ಆರಿಸುವವರಿಗೆ ಈ ವ್ಯತ್ಯಾಸ ವಿವರಿಸಬೇಕಿಲ್ಲ.

ಹಾಗಾಗಿ ಫಿಟ್ಟಿಂಗನ್ನು ತೆಗೆದು ಕೂರಿಸುವ ಕೆಲಸವನ್ನೂ ಮಾಡಬೇಕಾಯಿತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಕಾರಣ ನಮ್ಮ ಕರಾವಳಿಯಲ್ಲಿ ಬೋಟು ರಿಪೇರಿಯ ಸುಗ್ಗಿಯೂ ಅದೇ ಹೊತ್ತಿಗೆ. ಮೀನಿನ ಬೋಟುಗಳಿಗೆ ಬೇರೆ ದಾರಿಯಿಲ್ಲ. ಉಳಿದವರು ಈ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳದಿರುವುದು ಒಳ್ಳೆಯದು. ಒದ್ದೆ ಪ್ಲೈವುಡ್ಡು ಜುಲೈನಲ್ಲಿ ಒಣಗುವುದೆಂದರೆ ಅಂಗಳದಲ್ಲಿ ಹಪ್ಪಳ ಒಣಗಿದಂತೆಯೇ. ಎಪಾಕ್ಸಿಯೂ ತೇವದ ಗಾಳಿಯಲ್ಲಿ ಗಟ್ಟಿಯಾದರೆ ಮೈಮೇಲೆ ಜಿಡ್ಡಿನಂಥ ಪೊರೆ ಕಟ್ಟುತ್ತದೆ. ಅದನ್ನು ನೀರು ಹಾಕಿ ಉಜ್ಜಿ ತೊಳೆಯದೆ ಮೇಲೆ ಏನು ಬಳಿದರೂ ಹಿಡಿಯುವುದಿಲ್ಲ. ವಿಚಿತ್ರವೆಂದರೆ ಪಾಲಿಯುರೆಥೇನ್ ಸೀಲೆಂಟಿಗೆ ಗಾಳಿಯ ತೇವ ಬೇಕೇ ಬೇಕು, ಅದರಿಂದಲೇ ಅದು ಗಟ್ಟಿಯಾಗುವುದು. ಆದರೆ ಅಂಟಿಸುವ ಮೈ ಮಾತ್ರ ಒಣಗಿರಬೇಕು.

ಹಳೇ ಫಿಟ್ಟಿಂಗನ್ನು ಬಿಡಿಸಿ, ಗಮ್ಮಿನ ಪದರಗಳನ್ನು ಉಳಿಯಿಂದ ಕೆರೆದು ತೆಗೆದೆವು. ಪದರಗಳಲ್ಲಿ ಒಂದು ಸಿಲಿಕಾನ್ ಆಗಿತ್ತು, ಬಚ್ಚಲುಮನೆಗೆ ಹಾಕುವಂಥದ್ದು. ಸಿಲಿಕಾನ್ ಕೂತ ಜಾಗದಲ್ಲಿ ಬೇರೆ ಯಾವ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಕೆರೆದು, ಮರಳುಕಾಗದದಿಂದ ಉಜ್ಜಿ, ಅಸಿಟೋನಿನಲ್ಲಿ ಒರೆಸಿದ ಮೇಲೂ ಅದರ ಅನುಮಾನ ಹೋಗುವುದಿಲ್ಲ. ಆಮೇಲೆ ತೂತಿನ ಅಂಚಿನ ಕೊಳೆತ ಪ್ಲೈವುಡ್ಡನ್ನು ಗಟ್ಟಿ ಮರ ಸಿಗುವವರೆಗೆ ಕೆರೆದು, ಹೀಟ್‌ಗನ್ನಿನ ಮೆಲ್ಲನೆಯ ಬಿಸಿಯಲ್ಲಿ ಮೂರು ದಿನ ಒಣಗಿಸಿ, ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ಆ ಪೊಳ್ಳಿಗೆ ತುಂಬಿದೆವು. ತಿರುಪಿನ ತೂತುಗಳನ್ನೂ ಹಾಗೆಯೇ ದೊಡ್ಡದು ಮಾಡಿ ತುಂಬಿ, ಗಟ್ಟಿಯಾದ ಮೇಲೆ ನಡುವೆ ಹೊಸದಾಗಿ ಕೊರೆದದ್ದು. ಇನ್ನು ಮುಂದೆ ಸೀಲೆಂಟು ಸೋತರೂ ನೀರಿಗೆ ಮರ ಸಿಗುವುದಿಲ್ಲ. ಇಡೀ ರಿಪೇರಿಯಲ್ಲಿ ನಾನು ಯಾವುದನ್ನೂ ಬಿಟ್ಟುಕೊಟ್ಟೇನು, ಇದನ್ನು ಬಿಡೆನು.

ಫಿಟ್ಟಿಂಗನ್ನು ಮೊದಲು ಒಣದಾಗಿ ಕೂರಿಸಿ ನೋಡಿ, ಸುತ್ತ ಪೆನ್ಸಿಲ್ ಗೆರೆ ಎಳೆದು, ಗೆರೆಯಾಚೆ ಕಾಗದದ ಟೇಪು ಅಂಟಿಸಿ. ಫ್ಲೇಂಜಿಗೆ ಧಾರಾಳವಾಗಿ ಪಾಲಿಯುರೆಥೇನ್ ಹಾಕಿ, ಒತ್ತಿ, ಸುತ್ತಲೂ ಒಂದೇ ಸಮನೆ ಸೀಲೆಂಟು ಹೊರಬರುವಷ್ಟು ಮಾತ್ರ ಬಿಗಿಯಿರಿ. ಇಲ್ಲಿ ತೋಳ್ಬಲ ತೋರಿಸಿದರೆ ಎಲ್ಲ ಸೀಲೆಂಟು ಹೊರಗೆ ಹೋಗಿ ಲೋಹಕ್ಕೂ ಫೈಬರಿಗೂ ನಡುವೆ ಏನೂ ಉಳಿಯುವುದಿಲ್ಲ. ಒಬ್ಬರು ಹೊರಗಿನಿಂದ ಬೋಲ್ಟಿನ ತಲೆಯನ್ನು ಅಲ್ಲಾಡದಂತೆ ಹಿಡಿಯಬೇಕು, ಇನ್ನೊಬ್ಬರು ಒಳಗಿನಿಂದ ನಟ್ಟು ಮಾತ್ರ ತಿರುಗಿಸಬೇಕು. ಬೋಲ್ಟು ತಿರುಗಿದರೆ ಅದರ ಸುತ್ತ ಕೂತ ಸೀಲೆಂಟು ಹರಿಯುತ್ತದೆ. ನಿಧಾನವಾಗಿ ಗಟ್ಟಿಯಾಗುವ ಜಾತಿಯ ಸೀಲೆಂಟಿಗೆ ಐದಾರು ದಿನ ಬೇಕು. ಮಾರನೇ ದಿನ ನೀರಿಗಿಳಿಸುವ ಆತುರವಿದ್ದರೆ ಟ್ಯೂಬು ಕೊಳ್ಳುವಾಗಲೇ ಬೇಗ ಗಟ್ಟಿಯಾಗುವುದನ್ನು ಕೇಳಿ. ಜನ್ಮದಲ್ಲಿ ಬಿಚ್ಚಲು ಬಾರದಷ್ಟು ಗಟ್ಟಿಯಾದ ಅಂಟು ಬೇಡ, ಮುಂದೊಂದು ದಿನ ಆ ಫಿಟ್ಟಿಂಗ್ ತೆಗೆಯುವವರು ನಿಮ್ಮನ್ನು ನೆನೆಯುತ್ತಾರೆ. ಫಿಟ್ಟಿಂಗ್ ಪ್ಲಾಸ್ಟಿಕ್ಕಿನದಾದರೆ ಪಾಲಿಸಲ್ಫೈಡ್ ಬಳಸಬೇಡಿ, ಕೆಲವು ಪ್ಲಾಸ್ಟಿಕ್ಕುಗಳನ್ನು ಅದು ಹಾಳು ಮಾಡುತ್ತದೆ. ಅಲ್ಲದೆ ಬಿಸಿಲಿಗೆ ಬಿಳಿಚಿ ಪುಡಿಪುಡಿಯಾದ ಪ್ಲಾಸ್ಟಿಕ್ ಫಿಟ್ಟಿಂಗನ್ನು ಹೊಸ ಸೀಲೆಂಟಿನಲ್ಲಿ ಕೂರಿಸುವುದು ದಂಡ. ಹಿತ್ತಾಳೆಯದಾದರೆ ಉಗುರಿನಿಂದಲ್ಲ, ಚಾಕುವಿನಿಂದ ಕೆರೆದು ನೋಡಿ: ಹಳದಿ ಹೊಳೆದರೆ ಸರಿ, ಗುಲಾಬಿ ಬಣ್ಣ ಕಂಡರೆ ಸತು ಕರಗಿಹೋಗಿ ತಾಮ್ರದ ಜರಡಿ ಉಳಿದಿದೆ ಎಂದರ್ಥ. ನೀರಿನ ಮಟ್ಟದಲ್ಲಿ ಕಂಚೇ ವಾಸಿ.

ಇನ್ನು ಆಗ ಬಿಟ್ಟ ಮಾತು: ಎಂಜಿನ್ನಿನೊಳಗೆ ಸೇರುವ ನೀರು.

ಎಲ್ಬೋ ಸಾಮಾನ್ಯವಾಗಿ ಎರಕದ ಕಬ್ಬಿಣದ್ದು. ಒಳಗೆ ಹೊಗೆ, ಸುತ್ತ ಉಪ್ಪುನೀರು, ನಡುವೆ ಒಂದು ತೆಳು ಗೋಡೆ. ಡೀಸೆಲ್ಲಿನ ಗಂಧಕ ಹೊಗೆಯ ತೇವಕ್ಕೆ ಸೇರಿ ಆಮ್ಲವಾಗುತ್ತದೆ. ಒಂದು ಕಡೆಯಿಂದ ಅದು, ಇನ್ನೊಂದು ಕಡೆಯಿಂದ ಉಪ್ಪು ಆ ಗೋಡೆಯನ್ನು ತಿನ್ನುತ್ತವೆ. ಹೊರಗೆ ಬಣ್ಣ ಹಾಗೇ ಇರುತ್ತದೆ. ಒಳಗೋಡೆ ತೂತಾದ ದಿನ ತಳಕ್ಕೆ ಏನೂ ಬೀಳುವುದಿಲ್ಲ, ನೀರು ಎಕ್ಸಾಸ್ಟ್ ವಾಲ್ವಿನ ಮೇಲೆ ಹನಿಯುತ್ತದೆ. ವಾರ ಬಿಟ್ಟು ಬಂದು ಕೀಲಿ ತಿರುಗಿಸಿದರೆ ಎಂಜಿನ್ 'ಟಕ್' ಎಂದು ನಿಂತುಬಿಡುತ್ತದೆ. ನೀರನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾಗದು. ಹಟ ಹಿಡಿದು ಸ್ಟಾರ್ಟರ್ ಒತ್ತಿದರೆ ಬಾಗುವುದು ಕನೆಕ್ಟಿಂಗ್ ರಾಡು. ಇಂಜೆಕ್ಟರ್ ಬಿಚ್ಚಿ, ಕೈಯಿಂದ ಎಂಜಿನ್ ತಿರುಗಿಸಿ ನೀರು ಹೊರಹಾಕಬೇಕು. ಎಣ್ಣೆಯ ಕಡ್ಡಿ ಎಳೆದು ನೋಡಿ; ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ನೀರು ಅಲ್ಲಿಗೂ ಇಳಿದಿದೆ.

ಎಲ್ಬೋವನ್ನು ಎರಡು ವರ್ಷಕ್ಕೊಮ್ಮೆ ಬಿಚ್ಚಿ ನೋಡುವುದು ಒಳ್ಳೆಯ ಅಭ್ಯಾಸ. ಒಳಗೆ ಮಸಿಯೂ ಉಪ್ಪೂ ಸೇರಿ ದಾರಿ ಎಷ್ಟು ಕಿರಿದಾಗಿದೆ ಎಂದು ನೋಡಿದರೆ ಕೆಲವೊಮ್ಮೆ ಎಂಜಿನ್ ಇಷ್ಟು ದಿನ ಉಸಿರಾಡಿದ್ದೇ ಆಶ್ಚರ್ಯ ಅನ್ನಿಸುತ್ತದೆ. ಮೈಯಲ್ಲಿ ಸೋರುವ ಎಲ್ಬೋಗೆ ಎಪಾಕ್ಸಿ ಉಂಡೆ ಮೆತ್ತುವುದು ನಮ್ಮಲ್ಲಿ ಬಹು ಜನಪ್ರಿಯ. ಹೊರಗೆ ಹನಿ ಕಾಣುವಷ್ಟು ತಿಂದುಹೋದ ಎರಕದ ಒಳಗೋಡೆ ಹೇಗಿರಬಹುದು ಎಂದು ಯೋಚಿಸಿದರೆ ಆ ಉಂಡೆಯ ಬೆಲೆ ತಿಳಿಯುತ್ತದೆ. ಹೊಸದು ತನ್ನಿ. ಜೋಡಿಸುವಾಗ ಹಳೇ ಪ್ಯಾಕಿಂಗ್ ಪೂರ್ತಿ ಕೆರೆದು, ಎರಡೂ ಮುಖಗಳ ಮೇಲೆ ಉಕ್ಕಿನ ಅಳತೆಪಟ್ಟಿಯನ್ನು ನಿಲ್ಲಿಸಿ ಬೆಳಕು ನುಸುಳುತ್ತದೆಯೇ ನೋಡಿ. ಮಟ್ಟಸವಿಲ್ಲದಿದ್ದರೆ ಲೇತಿಗೆ ಕೊಡಿ. ಶಾಖಕ್ಕೆ ತಾಳುವ ಹೊಸ ಪ್ಯಾಕಿಂಗ್ ಹಾಕಿ, ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದು ಸಲ ಬಿಸಿಯಾಗಿ ತಣಿದ ಮೇಲೆ ಮತ್ತೊಮ್ಮೆ ನೋಡಿ.

ಎಂಜಿನ್ನಿಗೆ ನೀರು ಸೇರುವ ಇನ್ನೊಂದು ದಾರಿ ಸೈಫನ್. ಡ್ರಮ್ಮಿನಿಂದ ಸೀಮೆಎಣ್ಣೆಯನ್ನು ಬಾಯಿಂದ ಎಳೆದು ಬಿಟ್ಟರೆ ತಾನಾಗಿ ಹರಿಯುತ್ತದಲ್ಲ, ಹಾಗೆ. ಎಲ್ಬೋಗೆ ನೀರು ಸೇರುವ ಜಾಗ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಅಥವಾ ಅದಕ್ಕೆ ತೀರ ಹತ್ತಿರವಿದ್ದರೆ, ಎಂಜಿನ್ ನಿಂತ ಮೇಲೂ ಸಮುದ್ರ ಮೆಲ್ಲಗೆ ಒಳಗೆ ಹರಿಯುತ್ತಲೇ ಇರುತ್ತದೆ. ಅದನ್ನು ಮುರಿಯಲು ನೀರಿನ ಕೊಳವೆಯನ್ನು ಎತ್ತರಕ್ಕೆ ಒಯ್ದು ಬಾಗಿಸಿ, ತುದಿಯಲ್ಲಿ ಗಾಳಿ ಸೇರುವ ಪುಟ್ಟ ವಾಲ್ವು ಇಡುತ್ತಾರೆ. ಆ ವಾಲ್ವಿಗೆ ಉಪ್ಪು ಕಟ್ಟಿಕೊಂಡು ಮುಚ್ಚಿದ ಸ್ಥಿತಿಯಲ್ಲಿ ನಿಂತರೆ ಸೈಫನ್ ಶುರು. ತೆರೆದೇ ನಿಂತರೆ ಎಂಜಿನ್ ಓಡುವಾಗಲೆಲ್ಲ ಅದು ಪಿಚಕಾರಿಯಂತೆ ಉಪ್ಪುನೀರು ಚಿಮ್ಮಿಸುತ್ತದೆ. ಆಲ್ಟರ್ನೇಟರ್ ಪಕ್ಕದಲ್ಲೇ ಇದ್ದರೆ ಅದರ ಗತಿ ಹೇಳಬೇಕಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿ ಉಗುರುಬೆಚ್ಚನೆಯ ಸಿಹಿನೀರಿನಲ್ಲಿ ತೊಳೆದರೆ ಸಾಕು, ಐದು ನಿಮಿಷದ ಕೆಲಸ.

ಮತ್ತೊಂದು ತಪ್ಪು ನಾವೇ ಮಾಡುವುದು. ಎಂಜಿನ್ ಸ್ಟಾರ್ಟ್ ಆಗದಿದ್ದಾಗ ಮತ್ತೆ ಮತ್ತೆ ಕೀಲಿ ತಿರುಗಿಸುತ್ತೇವೆ. ಪ್ರತಿ ತಿರುವಿಗೂ ಪಂಪು ನೀರು ತಳ್ಳುತ್ತದೆ, ಹೊರದೂಡಲು ಹೊಗೆಯ ಬಲವಿಲ್ಲ. ಡಬ್ಬಿ ತುಂಬಿ ನೀರು ಹಿಂದಕ್ಕೆ ಏರಿ ಸಿಲಿಂಡರಿಗೆ ಇಳಿಯುತ್ತದೆ. ಎರಡು ಮೂರು ಪ್ರಯತ್ನಕ್ಕೆ ಹತ್ತಿಕೊಳ್ಳದಿದ್ದರೆ ತಳದ ವಾಲ್ವನ್ನು ಮುಚ್ಚಿ ಮುಂದುವರಿಯಿರಿ, ಹತ್ತಿಕೊಂಡ ಕೂಡಲೇ ತೆರೆಯಿರಿ. ವಾಲ್ವು ಮುಚ್ಚಿದ ದಿನ ಕೀಲಿಯನ್ನು ವಾಲ್ವಿನ ಹಿಡಿಗೇ ನೇತುಹಾಕುವವರಿದ್ದಾರೆ, ತೆರೆಯಲು ಮರೆಯದಿರಲೆಂದು. ಒಳ್ಳೆಯ ಬುದ್ಧಿ.

ಕಡಲಿನ ಮಧ್ಯೆ ಹೋಸು ಬಿರಿದರೆ ವೇಗ ತಗ್ಗಿಸಿ, ಕ್ಯಾಬಿನ್ನಿನ ಕಿಟಕಿ ಬಾಗಿಲು ತೆರೆದು ಎಲ್ಲರನ್ನೂ ಮೇಲಕ್ಕೆ ಕಳಿಸಿ, ಎಂಜಿನ್ ನಿಲ್ಲಿಸಿ. ಸೀಳಿದ ಸೈಕಲ್ ಟ್ಯೂಬನ್ನು ಬಿರುಕಿನ ಮೇಲೆ ಬಿಗಿಯಾಗಿ ಸುತ್ತಿ, ಅದರ ಮೇಲೆ ತಂಪುಪಾನೀಯದ ಡಬ್ಬಿಯನ್ನು ಕತ್ತರಿಸಿದ ತಗಡು, ತಗಡಿನ ಮೇಲೆ ಎರಡು ಮೂರು ಕ್ಲಿಪ್ಪು. ದಕ್ಕೆ ಮುಟ್ಟಲು ಇಷ್ಟು ಸಾಕಾಗುತ್ತದೆ. ಫಿಟ್ಟಿಂಗೇ ಕಿತ್ತುಬಂದರೆ ಅದರ ಅಳತೆಗೆ ಕೆತ್ತಿದ ಮರದ ಬೆಣೆ ಬೇಕು, ಅದನ್ನು ಮೊದಲೇ ಕೆತ್ತಿ ಫಿಟ್ಟಿಂಗಿನ ಹತ್ತಿರವೇ ಹಗ್ಗದಲ್ಲಿ ಕಟ್ಟಿಟ್ಟಿರಬೇಕು. ಬೆಣೆ ಹೊಡೆದ ಮೇಲೆ ಎಂಜಿನ್ ಹಾಕುವಂತಿಲ್ಲ. ಇನ್ನೊಂದು ಬೋಟಿಗೆ ಹಗ್ಗ ಕೊಡಿ.

ಯಜಮಾನರ ಬೋಟು ಹನ್ನೊಂದನೇ ದಿನ ನೀರಿಗಿಳಿಯಿತು. ಪೇಪರು ಹಾಸಿ, ಪೌಡರು ಉದುರಿಸಿ, ಎಂಟು ಜನರನ್ನು ಹಿಂದೆ ಕೂರಿಸಿಕೊಂಡು ಅಳಿವೆಯವರೆಗೆ ಹೋಗಿ ಬಂದೆವು. ಪೇಪರಿನಲ್ಲಿ ಸಿನಿಮಾ ಜಾಹೀರಾತು ಸ್ವಲ್ಪವೂ ಕದಡದೆ ಹಾಗೇ ಇತ್ತು. ಎರಡು ಟ್ರಿಪ್ಪಿನ ನಂತರ ಕ್ಲಿಪ್ಪುಗಳಿಗೆ ಇನ್ನರ್ಧ ಸುತ್ತು ಕೊಡಲು ಹೇಳಿ ಬಂದೆ, ಹೊಸ ರಬ್ಬರು ಬಿಸಿಗೆ ಸ್ವಲ್ಪ ಕೂತುಕೊಳ್ಳುತ್ತದೆ. ಐದನೇ ಟ್ಯೂಬನ್ನು ಅವರು ಅಂಗಡಿಗೆ ವಾಪಸು ಕೊಟ್ಟಿಲ್ಲ, ಬಚ್ಚಲುಮನೆಗೆ ಇಟ್ಟುಕೊಂಡಿದ್ದಾರೆ.